ಮೊದಲು ತಾರೀಖು, ಆಮೇಲೆ ಊರು: ನನ್ನ ಫೋಟೋ ಫೈಲುಗಳ ಕ್ರಮ

ಕ್ಯಾಮೆರಾ ತಾನಾಗಿ ಕೊಡುವ ಹೆಸರಿನ ಕೊನೆಯಲ್ಲಿ ನಾಲ್ಕೇ ಅಂಕಿ ಇರುತ್ತದೆ. 0001ರಿಂದ ಹೊರಟು 9999 ಮುಟ್ಟಿದ ಮೇಲೆ ಎಣಿಕೆ ಮತ್ತೆ 0001ಕ್ಕೆ ಬರುತ್ತದೆ. 1998ರಲ್ಲಿ ಜಪಾನಿನ ತಯಾರಕರ ಒಕ್ಕೂಟ ಗೊತ್ತುಮಾಡಿದ ಈ ಪದ್ಧತಿಯನ್ನೇ ಇವತ್ತಿಗೂ ಬಹುತೇಕ ಕ್ಯಾಮೆರಾಗಳು ಅನುಸರಿಸುತ್ತವೆ. ದಸರಾ, ಮೇಲುಕೋಟೆ, ರಂಗನತಿಟ್ಟು ಅಂತ ವರ್ಷವಿಡೀ ಕ್ಯಾಮೆರಾ ಹಿಡಿದು ತಿರುಗುವವರ ಬಳಿ ಒಂದೇ ಹೆಸರಿನ ಎರಡು ಮೂರು ಫೈಲು ಸೇರಿಕೊಳ್ಳಲು ಹೆಚ್ಚು ಕಾಲ ಬೇಕಿಲ್ಲ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿಯಲು ಹೋದರೆ, ಇರುವುದನ್ನು ತೆಗೆದು ಇದನ್ನು ಹಾಕಲೇ ಎಂದು ಕಂಪ್ಯೂಟರ್ ಕೇಳುತ್ತದೆ. ಆತುರದಲ್ಲಿ ಹೌದು ಅಂದವರ ಒಂದು ವರ್ಷದ ಜಂಬೂ ಸವಾರಿ ಹೋಗಿ, ಆ ಜಾಗದಲ್ಲಿ ಇನ್ನೊಂದು ವರ್ಷದ ಕೊಕ್ಕರೆ ಬಂದು ಕೂರುತ್ತದೆ.

ನಾನು ಮೈಸೂರಿನವಳು. ಹಳೆಯ ಕಟ್ಟಡ, ಜಾತ್ರೆ, ಹಕ್ಕಿ ಇವು ಮೂರೂ ನನ್ನ ಹವ್ಯಾಸ. ಅವುಗಳ ಚಿತ್ರಗಳನ್ನು ಇಟ್ಟುಕೊಳ್ಳಲು ನಾನು ರೂಢಿಸಿಕೊಂಡ ಕ್ರಮಕ್ಕೆ ಆಧಾರ ಒಂದೇ ಮಾತು. ಫೈಲಿನ ಹೆಸರಿನಲ್ಲಿ ಮುಂದೆಂದೂ ಬದಲಾಗದ ಸಂಗತಿ ಮಾತ್ರ ಇರಬೇಕು. ಚಿತ್ರ ತೆಗೆದ ಹೊತ್ತು ಬದಲಾಗುವುದಿಲ್ಲ, ತೆಗೆದ ಜಾಗ ಬದಲಾಗುವುದಿಲ್ಲ. ಚೆನ್ನಾಗಿದೆ, ಫೈನಲ್, ಹೊಸದು, ಮುದ್ರಣಕ್ಕೆ ಎಂಬ ಮಾತುಗಳೆಲ್ಲ ನಾಳೆಯೋ ನಾಳಿದ್ದೋ ಸುಳ್ಳಾಗುತ್ತವೆ. ಅವಕ್ಕೆ ಹೆಸರಿನಲ್ಲಿ ಜಾಗ ಕೊಡಬಾರದು.

ನನ್ನ ಒಂದು ಫೈಲಿನ ಹೆಸರು ಹೀಗಿರುತ್ತದೆ:

2019-10-08_164012_ಮೈಸೂರು_ದಸರಾ_0147

ವರ್ಷ, ತಿಂಗಳು, ದಿನ. ಆಮೇಲೆ ಗಂಟೆ, ನಿಮಿಷ, ಸೆಕೆಂಡು. ಆಮೇಲೆ ಊರು, ಸಂದರ್ಭ. ಕೊನೆಗೆ ಕ್ಯಾಮೆರಾ ಕೊಟ್ಟ ಅಂಕಿ. ನಾವು ಮಾತಿನಲ್ಲಿ ಮೊದಲು ಹೇಳುವುದು ದಿನವನ್ನು, ವರ್ಷ ಬರುವುದು ಕೊನೆಗೆ. ಫೈಲಿಗೂ ಹಾಗೇ ಬರೆದರೆ ಕಂಪ್ಯೂಟರ್ ಎಡದಿಂದ ಓದಿ ಜೋಡಿಸುವುದರಿಂದ ಎಲ್ಲ ವರ್ಷಗಳ, ಎಲ್ಲ ತಿಂಗಳುಗಳ 8ನೇ ತಾರೀಖು ಒಂದೆಡೆ ಗುಂಪಾಗುತ್ತದೆ. ವರ್ಷ ಮೊದಲು ಬಂದರೆ ಹೆಸರಿನ ಪ್ರಕಾರ ಜೋಡಿಸಿದ್ದೇ ಕಾಲದ ಪ್ರಕಾರವೂ ಆಗುತ್ತದೆ. 1988ರಲ್ಲಿ ಬಂದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕ ಹೇಳುವುದೂ ಈ ಬರವಣಿಗೆಯನ್ನೇ. ತಿಂಗಳು, ದಿನ ಒಂದೇ ಅಂಕಿಯದಾದರೆ ಮುಂದೆ ಸೊನ್ನೆ ಇರಲೇಬೇಕು. ಗಂಟೆ ನಿಮಿಷದ ನಡುವೆ ಎರಡು ಚುಕ್ಕೆ ಹಾಕಲು ವಿಂಡೋಸ್ ಬಿಡುವುದಿಲ್ಲ, ಅದಕ್ಕೇ ಅಂಕಿಗಳನ್ನು ಕೂಡಿಸಿ ಬರೆಯುತ್ತೇನೆ.

ಕ್ಯಾಮೆರಾದ ಅಂಕಿಯನ್ನು ಕೊನೆಯಲ್ಲಿ ಉಳಿಸಿಕೊಳ್ಳುವುದಕ್ಕೆ ಕಾರಣವಿದೆ. ಒಂದೇ ಸೆಕೆಂಡಿನಲ್ಲಿ ಹಲವು ಚಿತ್ರ ತೆಗೆದಾಗ ಅವನ್ನು ಬೇರೆ ಮಾಡುವುದು ಅದು. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲಿಗೂ ಅದೇ ಚಿತ್ರದ ಹಗುರ ರೂಪವಾದ ಜೆಪೆಗ್‌ಗೂ ನಂಟು ಉಳಿಸುವುದೂ ಅದೇ.

ಫೋಲ್ಡರುಗಳನ್ನು ತಿಂಗಳುವಾರು ಮಾಡುವವರಿದ್ದಾರೆ. ನನಗೆ ಅದು ಒಗ್ಗಲಿಲ್ಲ. ನಮ್ಮ ಹಬ್ಬಗಳು ನಡೆಯುವುದು ಪಂಚಾಂಗದ ಮೇಲೆ. ವಿಜಯದಶಮಿ 2017ರಲ್ಲಿ ಸೆಪ್ಟೆಂಬರ್ 30ಕ್ಕೆ ಬಂತು, 2018ರಲ್ಲಿ ಅಕ್ಟೋಬರ್ 19ಕ್ಕೆ, 2023ರಲ್ಲಿ ಅಕ್ಟೋಬರ್ 24ಕ್ಕೆ. ದಸರಾ ಹುಡುಕಲು ತಿಂಗಳ ಫೋಲ್ಡರ್ ತೆರೆಯಬೇಕಾದರೆ ಮೊದಲು ಹಳೆಯ ಕ್ಯಾಲೆಂಡರ್ ಹುಡುಕಬೇಕು. ಹಾಗಾಗಿ ನನ್ನಲ್ಲಿ ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ಒಂದೊಂದು ಸಂದರ್ಭಕ್ಕೆ ಒಂದೊಂದು. ಎರಡೇ ಹಂತ. ದಸರಾ ಎಂದು ಹುಡುಕಿದರೆ ಎಲ್ಲ ವರ್ಷದ್ದೂ ಸಾಲಾಗಿ ಬಂದು ನಿಲ್ಲುತ್ತದೆ.

ಮೇಲುಕೋಟೆಯ ವೈರಮುಡಿ ಇನ್ನೊಂದು ಪ್ರಶ್ನೆ ತರುತ್ತದೆ. ಮಂಡ್ಯದ ಖಜಾನೆಯಿಂದ ಕಿರೀಟ ಹಗಲಲ್ಲೇ ಹೊರಟರೂ ಉತ್ಸವ ನಡೆಯುವುದು ರಾತ್ರಿ. ಮುಗಿಯುವ ಹೊತ್ತಿಗೆ ತಾರೀಖು ಬದಲಾಗಿರುತ್ತದೆ. ಒಂದೇ ಉತ್ಸವವನ್ನು ಎರಡು ಫೋಲ್ಡರಿಗೆ ಹಂಚಿದರೆ ಅದರ ಓಟವೇ ಕಡಿದುಹೋಗುತ್ತದೆ. ನಾನು ಫೋಲ್ಡರಿಗೆ ಉತ್ಸವ ಶುರುವಾದ ದಿನವನ್ನು ಕೊಡುತ್ತೇನೆ, ಫೈಲಿಗೆ ಗಡಿಯಾರದ ನಿಜವಾದ ದಿನವನ್ನು. ನಡುರಾತ್ರಿ ದಾಟಿದ ಚಿತ್ರ ಆ ಫೋಲ್ಡರಿನೊಳಗೇ ಮರುದಿನದ ತಾರೀಖು ಹೊತ್ತು ಸರಿಯಾದ ಸ್ಥಾನದಲ್ಲಿರುತ್ತದೆ.

ತಾರೀಖಿನ ವಿಷಯದಲ್ಲಿ ಇಷ್ಟು ಹಟ ಯಾಕೆ ಎಂದು ಕೇಳುವವರಿಗೆ ನಾನು ದೇವರಾಜ ಮಾರುಕಟ್ಟೆ ತೋರಿಸುತ್ತೇನೆ. 2016ರ ಆಗಸ್ಟಿನಲ್ಲಿ ಅದರ ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿಯಿತು. ಅದಕ್ಕೂ ಮುಂಚೆ, 2012ರಲ್ಲಿ, ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ಪ್ರಾಣಗಳೂ ಹೋದವು. ಬೀಳುವ ಮೊದಲು ಆ ಗೋಡೆಯಲ್ಲಿ ಬಿರುಕು ಇತ್ತೇ, ಗಾರೆ ಎಲ್ಲಿ ಕಿತ್ತಿತ್ತು, ಯಾವ ಕಮಾನು ಇನ್ನೂ ನೆಟ್ಟಗಿತ್ತು ಎನ್ನುವುದಕ್ಕೆಲ್ಲ ತಾರೀಖು ಇರುವ ಚಿತ್ರ ಸಾಕ್ಷಿ ಹೇಳುತ್ತದೆ. ತಾರೀಖು ಇಲ್ಲದ್ದು ಬರೀ ಚಂದದ ಚಿತ್ರ. ಪಾರಂಪರಿಕ ಊರಿನಲ್ಲಿದ್ದು ಕ್ಯಾಮೆರಾ ಹಿಡಿಯುವವರು ಇಷ್ಟನ್ನಾದರೂ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇದೇ ಕಾರಣಕ್ಕೆ ಕಟ್ಟಡಗಳ ಚಿತ್ರಕ್ಕೆ ಮೈಸೂರು ಎಂದಷ್ಟೇ ಬರೆದರೆ ಸಾಲದು. ದೇವರಾಜಮಾರುಕಟ್ಟೆ, ಚಿಕ್ಕಗಡಿಯಾರ, ದೊಡ್ಡಗಡಿಯಾರ ಎಂದು ಜಾಗವನ್ನೇ ಹೇಳುತ್ತೇನೆ.

ಈ ತಾರೀಖು ಸಿಗುವುದು ಎಲ್ಲಿಂದ? ಕಂಪ್ಯೂಟರ್ ಪಟ್ಟಿಯಲ್ಲಿ ಫೈಲಿನ ಪಕ್ಕ ಕಾಣುವ ದಿನವನ್ನು ನಂಬಬೇಡಿ. ನಕಲು ಮಾಡಿದಾಗ, ತಿದ್ದಿದಾಗ ಅದು ಬದಲಾಗಬಹುದು. ಕ್ಯಾಮೆರಾ ಚಿತ್ರದ ಒಳಗೇ ಬರೆದಿಡುವ ಮಾಹಿತಿಗೆ ಎಕ್ಸಿಫ್ ಎನ್ನುತ್ತಾರೆ. ಕ್ಲಿಕ್ಕಿಸಿದ ಕ್ಷಣ ಅಲ್ಲಿರುತ್ತದೆ. ಕ್ಯಾಮೆರಾದ ಗಡಿಯಾರ ಸರಿಯಿದ್ದರೆ ಮಾತ್ರ ಅದೂ ಸರಿ. ದಸರಾಕ್ಕೆ ನಾನು ಕ್ಯಾಮೆರಾ, ಫೋನು ಎರಡನ್ನೂ ಬಳಸುತ್ತೇನೆ. ಹಿಂದಿನ ರಾತ್ರಿ ಫೋನಿನ ಗಂಟೆಗೆ ಕ್ಯಾಮೆರಾವನ್ನು ಹೊಂದಿಸಿ, ಫೋನಿನ ಗಡಿಯಾರದ ಒಂದು ಫೋಟೋವನ್ನೂ ಕ್ಯಾಮೆರಾದಲ್ಲಿ ತೆಗೆದಿಟ್ಟುಕೊಳ್ಳುತ್ತೇನೆ. ವ್ಯತ್ಯಾಸ ಕಂಡರೆ ಎಷ್ಟು ತಿದ್ದಬೇಕೆಂದು ಆ ಒಂದು ಚಿತ್ರ ಹೇಳುತ್ತದೆ.

ವಾಟ್ಸ್‌ಆಪ್‌ನಲ್ಲಿ ಫೋಟೋ ಆಗಿ ಬಂದದ್ದರಲ್ಲಿ ಎಕ್ಸಿಫ್ ಉಳಿಯುವುದಿಲ್ಲ. ಹೆಸರಿನಲ್ಲಿ ಕಾಣುವ ತಾರೀಖನ್ನು ತೆಗೆದ ದಿನವೆಂದು ನಂಬುವಂತಿಲ್ಲ, ಗಾತ್ರವೂ ಕುಗ್ಗಿರುತ್ತದೆ. ನೆಂಟರ ಮದುವೆ ಚಿತ್ರ ಬೇಕಾದಾಗ ‘ಡಾಕ್ಯುಮೆಂಟ್ ಮಾಡಿ ಕಳಿಸಿಪ್ಪ’ ಎಂದು ಕೇಳಿ ತರಿಸಿಕೊಳ್ಳುತ್ತೇನೆ. ಹಾಗೆ ಕಳಿಸಿದರೆ ಎಲ್ಲವೂ ಇದ್ದ ಹಾಗೇ ಬರುತ್ತದೆ.

ಇನ್ನು ಕನ್ನಡದಲ್ಲಿ ಹೆಸರಿಡುವ ವಿಚಾರ. ಇಂಗ್ಲಿಷಿನಲ್ಲಿ ಶ್ರೀರಂಗಪಟ್ಟಣವನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಕನ್ನಡದಲ್ಲಿ ಆ ಗೊಂದಲ ಕಡಿಮೆ, ಹುಡುಕುವುದು ಸುಲಭ. ಆದರೆ ಕೆಲವು ಎಚ್ಚರ ಬೇಕು. ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತದಲ್ಲೇ, ಟೈಪಿಸಬೇಕು. ಮದುವೆ ಆಲ್ಬಂ ವಿನ್ಯಾಸ ಮಾಡುವ ಹಲವರಿಗೆ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳೇ ಕೈಗೆ ಕೂತಿವೆ. ಆ ಕ್ರಮದಲ್ಲಿ ಹೆಸರು ಹಾಕಿದರೆ ಫೋಲ್ಡರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಅದೇ ನುಡಿಯಲ್ಲಿ ಯೂನಿಕೋಡ್ ಆಯ್ಕೆಯೂ ಇದೆ. ತಾರೀಖಿಗೆ ಕನ್ನಡ ಅಂಕಿ ಬಳಸಬೇಡಿ, ಬಹಳಷ್ಟು ತಂತ್ರಾಂಶಗಳು ಅದನ್ನು ಸಂಖ್ಯೆ ಎಂದು ಗುರುತಿಸುವುದಿಲ್ಲ.

ಕಣ್ಣಿಗೆ ಕಾಣದ ತೊಡಕು ಇನ್ನೊಂದಿದೆ. ಟೌನ್‌ಹಾಲ್ ಎಂದು ಬರೆಯುವಾಗ ನ್ ಮತ್ತು ಹಾ ಒತ್ತಾಗದಂತೆ ನಡುವೆ ಒಂದು ಅದೃಶ್ಯ ಅಕ್ಷರ ಕೂರಿಸುತ್ತೇವೆ. ಒಮ್ಮೆ ಅದು ಬಿದ್ದು ಇನ್ನೊಮ್ಮೆ ಬೀಳದಿದ್ದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ ಹೆಸರು. ಆದ್ದರಿಂದ ಅಂಥ ಪದಗಳನ್ನೇ ಬಿಟ್ಟು ಪುರಭವನ ಎಂದು ಬರೆಯುತ್ತೇನೆ. ನನ್ನ ಫೋಟೋ ಡ್ರೈವಿನ ಮೇಲ್ಗಡೆಯೇ ಊರಪಟ್ಟಿ ಎಂಬ ಒಂದು ಪಠ್ಯ ಫೈಲ್ ಇದೆ. ಹೊಸ ಜಾಗಕ್ಕೆ ಹೋದಾಗ ಅದರ ಹೆಸರು ಅಲ್ಲಿ ಒಮ್ಮೆ ದಾಖಲಾಗುತ್ತದೆ; ಆಮೇಲೆ ಅಲ್ಲಿಂದ ನಕಲು ಮಾಡಿ ಹಾಕುತ್ತೇನೆ, ಟೈಪಿಸುವುದಿಲ್ಲ. ಹೆಸರು ಗಿಡ್ಡವಾಗಿರಲಿ. ಲಿನಕ್ಸ್‌ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಪ್ರತಿ ಅಕ್ಷರಕ್ಕೂ, ಅದಕ್ಕೆ ಸೇರುವ ಪ್ರತಿ ಚಿಹ್ನೆಗೂ 3 ಬೈಟ್ ಬೇಕು.

ಚಿತ್ರದಲ್ಲಿ ಯಾರಿದ್ದಾರೆ, ಯಾವ ಹಕ್ಕಿ ಎಂಬುದು ಹೆಸರಿಗೆ ಹೋಗುವುದಿಲ್ಲ, ಟ್ಯಾಗ್‌ಗೆ, ಅಂದರೆ ಚಿತ್ರಕ್ಕೆ ಅಂಟಿಸುವ ಗುರುತುಪದಕ್ಕೆ, ಹೋಗುತ್ತದೆ. ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶದಲ್ಲಿ ಟ್ಯಾಗ್ ಹಾಕಿ, ಅದು ಚಿತ್ರದೊಳಗೇ ಬರೆಯಲ್ಪಡುವಂತೆ ಸೆಟ್ಟಿಂಗ್ ಇಟ್ಟಿದ್ದೇನೆ. ಹಾಗಿದ್ದರೆ ನಾಳೆ ಬೇರೆ ತಂತ್ರಾಂಶಕ್ಕೆ ಹೋದರೂ ಕೆಲಸ ಉಳಿಯುತ್ತದೆ. 2012ರಿಂದ 2019ರವರೆಗೆ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಕಾರ್ಯಾಚರಣೆಯಲ್ಲಿ ತೀರಿಕೊಂಡಾಗ ಊರೆಲ್ಲ ಮರುಗಿತು. ಅವತ್ತು ಅರ್ಜುನ ಎಂದು ಹುಡುಕಿದೆ. ಅಂಬಾರಿ ಹೊತ್ತದ್ದಷ್ಟೇ ಅಲ್ಲ, ತಾಲೀಮಿನಲ್ಲಿ ಮರಳಿನ ಮೂಟೆ ಹೊತ್ತು ನಡೆದದ್ದು, ಅರಮನೆ ಆವರಣದಲ್ಲಿ ಮಾವುತರು ಮೈ ತೊಳೆದದ್ದು ಎಲ್ಲವೂ ವರ್ಷದ ಕ್ರಮದಲ್ಲಿ ಬಂದವು. ಬರೀ ದಸರಾ ಫೋಲ್ಡರುಗಳನ್ನು ನೋಡಿದ್ದರೆ ತಾಲೀಮಿನ ಚಿತ್ರಗಳು ತಪ್ಪಿಹೋಗುತ್ತಿದ್ದವು.

ಹೆಸರು ಬದಲಿಸುವುದನ್ನು ಕೈಯಲ್ಲಿ ಮಾಡಬೇಕಿಲ್ಲ. ಡಿಜಿಕ್ಯಾಮ್ ಎಕ್ಸಿಫ್ ಓದಿ ಸಾಲಾಗಿ ಬದಲಿಸುತ್ತದೆ. ಫಿಲ್ ಹಾರ್ವೆ ಎಂಬವರು ಬರೆದ ಎಕ್ಸಿಫ್‌ಟೂಲ್ ಇನ್ನೂ ಶಕ್ತಿಶಾಲಿ, ಅದೂ ಉಚಿತ. ಗಡಿಯಾರ ಹಿಂದೆಮುಂದಾಗಿದ್ದರೆ ಅಷ್ಟೂ ಚಿತ್ರಗಳ ಹೊತ್ತನ್ನು ಒಂದೇ ಆಜ್ಞೆಯಲ್ಲಿ ಸರಿಸುತ್ತದೆ. ಮನೆಗೆ ಬಂದ ಸಂಜೆಯೇ ನಕಲು, ಹೆಸರು, ಟ್ಯಾಗ್ ಮೂರೂ ಆಗಬೇಕು. ಎರಡು ಡ್ರೈವಿನಲ್ಲಿ ಫೈಲುಗಳು ತೆರೆಯುತ್ತವೆ ಎಂದು ನೋಡಿದ ಮೇಲೆಯೇ ಕಾರ್ಡ್ ಖಾಲಿ ಮಾಡುವುದು. ರಾ, ಜೆಪೆಗ್, ತಿದ್ದಿದ ವಿವರ ಇರುವ ಅವುಗಳ ಜೊತೆಯ ಎಕ್ಸ್‌ಎಂಪಿ ಫೈಲ್ ಮೂರನ್ನೂ ಒಟ್ಟಿಗೆ ಆರಿಸಿಯೇ ಹೆಸರು ಬದಲಿಸಿ, ಇಲ್ಲದಿದ್ದರೆ ತಿದ್ದಿದ ಕೆಲಸ ಚಿತ್ರದಿಂದ ಬೇರೆಯಾಗುತ್ತದೆ.

ಮನೆಯ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡುವ ಕೆಲಸ ಈಗ ನಡೆದಿದೆ. ಅಲ್ಲಿ ಎಕ್ಸಿಫ್ ಹೇಳುವುದು ಸ್ಕ್ಯಾನ್ ಆದ ದಿನವನ್ನು. ಹಾಗಾಗಿ ಗೊತ್ತಿರುವಷ್ಟನ್ನೇ ಬರೆದು ಉಳಿದದ್ದಕ್ಕೆ ಸೊನ್ನೆ ಹಾಕುತ್ತೇನೆ. ಫೋಟೋದ ಬೆನ್ನನ್ನೂ ಸ್ಕ್ಯಾನ್ ಮಾಡಿ ಅದೇ ಹೆಸರಿನ ಕೊನೆಗೆ ‘ಹಿಂದೆ’ ಎಂದು ಸೇರಿಸುತ್ತೇನೆ. ಸ್ಟುಡಿಯೋ ಮೊಹರು, ಅಜ್ಜನ ಕೈಬರಹ ಇರುವುದು ಅಲ್ಲೇ. ಅಪ್ಪ ಕೋಟು ಹಾಕಿ ನಿಂತ ಒಂದು ಫೋಟೋದ ಬೆನ್ನು ಖಾಲಿ ಇತ್ತು. ದೊಡ್ಡಮ್ಮನಿಗೆ ತೋರಿಸಿದೆ.

‘ನಿಮ್ಮಪ್ಪ ಮಹಾರಾಜಾ ಕಾಲೇಜಿಗೆ ಸೇರಿದ ವರ್ಷದ್ದು ಕಣೇ. ಆ ಕೋಟು ಆಗಲೇ ಹೊಲಿಸಿದ್ದು.’

‘ಯಾವ ವರ್ಷ ದೊಡ್ಡಮ್ಮ?’

‘ಅದನ್ನ ನಿಮ್ಮಪ್ಪನ ಮಾರ್ಕ್ಸ್ ಕಾರ್ಡಲ್ಲಿ ನೋಡು, ನನ್ನ ಕೇಳಿದರೆ?’

ನೋಡಿದೆ. ಫೈಲಿಗೆ 1971-00-00_ಮೈಸೂರು ಎಂದು ಹೆಸರಾಯಿತು. ವರ್ಷ ಹೇಗೆ ಗೊತ್ತಾಯಿತು, ಯಾರು ಹೇಳಿದ್ದು ಎಂಬುದನ್ನು ಅಡಿಬರಹದಲ್ಲಿ ಬರೆದಿಟ್ಟೆ. ನಾಳೆ ಯಾರಾದರೂ ಅನುಮಾನಪಟ್ಟರೆ ಆಧಾರ ಅಲ್ಲೇ ಸಿಗಲಿ.

ಬೇರೆಯವರಿಗೆ ಕೊಡುವಾಗ ಮೂಲವನ್ನು ಮುಟ್ಟುವುದಿಲ್ಲ, ಪ್ರತಿ ತೆಗೆದು ಕೊಡುತ್ತೇನೆ. ಕೆಲವು ಮುದ್ರಣ ಯಂತ್ರಗಳಿಗೆ ಕನ್ನಡ ಹೆಸರು ಓದಲು ಬರುವುದಿಲ್ಲ. ಹಳೆಯ ತಂತ್ರಾಂಶದಲ್ಲಿ ಜಿಪ್ ಬಿಚ್ಚಿದರೂ ಹೆಸರು ಕೆಡಬಹುದು. ಅಂಥ ಪ್ರತಿಗೆ ತಾರೀಖು, ಅಂಕಿ ಮಾತ್ರ ಇಟ್ಟರೆ ಸಾಕು. ಮೂಲಗಳ ಎರಡು ಡ್ರೈವ್ ನನ್ನ ಮನೆಯಲ್ಲಿವೆ, ಮೂರನೆಯದು ಮಂಡ್ಯದಲ್ಲಿ ತಮ್ಮನ ಬೀರುವಿನಲ್ಲಿ. ಅವನು ಮೈಸೂರಿಗೆ ಬರುವಾಗ ಅದನ್ನು ತರುತ್ತಾನೆ, ಹೊಸದನ್ನು ತುಂಬಿ ಕಳಿಸುತ್ತೇನೆ.