ಕೇಳಿದವರಿಗೆ ಕೊಡಲು ಒಂದು ಟಾರ್ಚ್: ಅಗ್ಗದ್ದನ್ನೇ ಆರಿಸಿ, ಸರಿಯಾಗಿ ಇಡುವ ಬಗೆ

ಭರಣಿ, ಕೃತ್ತಿಕೆ ಮಳೆಗಳ ಗಾಳಿಗೆ ಕಂಬ ಬಿತ್ತೆಂದರೆ ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಲ್ಲಿ ರಾತ್ರಿಯೆಲ್ಲ ಕತ್ತಲೆ. ಪಕ್ಕದ ಮನೆಯವರು "ಅಕ್ಕಾರೆ, ಬ್ಯಾಟ್ರಿ ಇದ್ರೆ ಕೊಡ್ರಿ, ಕೊಟ್ಟಿಗೆ ಕಡೆ ನೋಡ್ಕಂಡ್ ಬರ್ತೀನಿ" ಎಂದು ಬರುವುದೂ ಆಗಲೇ. ಮನೆಯಲ್ಲಿ ಇರುವುದು ಒಂದೇ ಆದರೆ ಕೊಟ್ಟರೂ ಕಷ್ಟ, ಕೊಡದಿದ್ದರೂ ಕಷ್ಟ. ಹಾಗಾಗಿ ಕೊಡಲೆಂದೇ ಒಂದೆರಡು ಸೆಲ್ ಟಾರ್ಚ್ ಬೇರೆ ಇಟ್ಟಿರಿ.

ಇದಕ್ಕೆ ಚಾರ್ಜಿಂಗ್ ಟಾರ್ಚ್ ಬೇಡ. ಅಗ್ಗದ ಎಷ್ಟೋ ಮಾದರಿಗಳ ಒಳಗೆ ಇರುವುದು 4 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿ. ಖಾಲಿಯಾಗಿ ಕೆಲವು ತಿಂಗಳು ಬಿದ್ದಿದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಆಮೇಲೆ ಚಾರ್ಜೇ ಹಿಡಿಯುವುದಿಲ್ಲ. ದಿನಾ ಬಳಸುವವರಿಗೆ ಅದು ಸರಿ. ಕಪಾಟಿನಲ್ಲಿ ಕಾಯುವ ಟಾರ್ಚಿಗೆ ಅಲ್ಲ.

ಗೋಡೆ ಗಡಿಯಾರಕ್ಕೆ ಹಾಕುವ ಎಎ ಸೆಲ್ ಎರಡು ಹಿಡಿಸುವ ಎಲ್ಇಡಿ ಟಾರ್ಚ್ ತಗೊಳ್ಳಿ. ಆ ಸೆಲ್ ಯಾವ ಊರಿನ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ರಿಮೋಟಿನ ಎಎಎ ಸೆಲ್ ಮೂರು ಬೇಡುವ ಟಾರ್ಚುಗಳು ಅಗ್ಗವೇ, ಆದರೆ ಒಂದೊಂದು ಸೆಲ್ಲಿನಲ್ಲಿರುವುದು ಎಎಯ ಅರ್ಧದಷ್ಟು ಶಕ್ತಿ. ಮೂರನ್ನೂ ಕೂರಿಸುವ ಪ್ಲಾಸ್ಟಿಕ್ ಗೂಡನ್ನು ಕತ್ತಲಲ್ಲಿ ತಿರುವುಮುರುವು ಹಾಕಿ "ಕೆಟ್ಟೋಯ್ತು" ಅನ್ನುವವರೇ ಹೆಚ್ಚು. ಸ್ವಿಚ್ಚು ಒಂದೇ ಇರಲಿ: ಒತ್ತಿದರೆ ಹತ್ತಬೇಕು, ಮತ್ತೆ ಒತ್ತಿದರೆ ಆರಬೇಕು. ಮಿಣುಕುವ ಮೋಡ್‌ಗಳು ವಯಸ್ಸಾದವರಿಗೆ ತಲೆನೋವು. ಬೆಳಕು 30ರಿಂದ 50 ಲ್ಯೂಮೆನ್ ಇದ್ದರೆ ಮನೆ, ಕೊಟ್ಟಿಗೆ, ಅಂಗಳಕ್ಕೆ ಧಾರಾಳ. ಅಂಗಡಿಯಲ್ಲೇ ಸೆಲ್ ಹಾಕಿಸಿ, ಹತ್ತಿಸಿ, ಅಂಗೈಗೆ ನಾಲ್ಕೈದು ಸಲ ತಟ್ಟಿ ನೋಡಿ. ಬೆಳಕು ಕಣ್ಣು ಮಿಟುಕಿಸಿದರೆ ಸ್ಪ್ರಿಂಗ್ ಸಡಿಲ, ಬಿಟ್ಟುಬಿಡಿ.

ಇಂಥ ಟಾರ್ಚುಗಳನ್ನು ಕೊಲ್ಲುವುದು ಬಳಕೆಯಲ್ಲ, ಒಳಗೇ ಮರೆತ ಸೆಲ್. ಹಳೆ ಸೆಲ್ ಸೋರಿ ಸ್ಪ್ರಿಂಗ್ ತಿಂದುಹಾಕುತ್ತದೆ. ಹಳೆಯದೊಂದು ಹೊಸದೊಂದು ಬೆರೆಸಿದರೆ ಇನ್ನೂ ಬೇಗ: ಹೊಸದು ಕರೆಂಟ್ ದೂಡುತ್ತಲೇ ಇರುತ್ತದೆ, ಖಾಲಿಯಾದದ್ದು ಒತ್ತಡಕ್ಕೆ ಸಿಕ್ಕಿ ಒಡೆಯುತ್ತದೆ. ಹಾಕಿದರೆ ಎರಡೂ ಒಟ್ಟಿಗೇ ಹೊಸವು. ಎತ್ತಿಡುವಾಗ ಸೆಲ್ ಹೊರಗೆ ತೆಗೆದು, ಅದೇ ಟಾರ್ಚಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ. ತುದಿಗಳು ಚಾವಿ, ಚಿಲ್ಲರೆ ತಾಗದಿರಲಿ. ಕಾರಿನ ಡ್ಯಾಶ್‌ಬೋರ್ಡಿನಲ್ಲೂ ಚಾವಣಿಯ ತಗಡಿನ ಶೀಟಿನ ಕೆಳಗೂ ಇಡಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಸೆಲ್ ಬೇಗ ಹಾಳಾಗುತ್ತದೆ.

ಸೋರಿದ್ದು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಸೆಲ್ಲಿನ ಮೇಲೆ ಆಲ್ಕಲೈನ್ (Alkaline) ಎಂದು ಬರೆದಿದ್ದರೆ ಬಿಳಿ ಪುಡಿಯನ್ನು ಒಂದೆರಡು ಹನಿ ನಿಂಬೆರಸ ಹಚ್ಚಿದ ಬಟ್ಟೆಯಿಂದ ಒರೆಸಿ. ಮಾಮೂಲಿ ಅಗ್ಗದ ಸೆಲ್ಲಿನದು ಆಮ್ಲ, ಅದಕ್ಕೆ ಅಡುಗೆ ಸೋಡಾ ಬೆರೆಸಿದ ನೀರಿನ ಬಟ್ಟೆ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಸ್ಪ್ರಿಂಗ್ ಹೊಳೆಯುವಂತೆ ಸಣ್ಣ ಎಮರಿ ಕಾಗದದಿಂದ ತಿಕ್ಕಿ.

ಕೊಡುವ ಟಾರ್ಚಿನ ಮೇಲೆ ಮಾರ್ಕರಿನಿಂದ ಹೆಸರು ಬರೆದು, ಕೈಗೆ ಸಿಕ್ಕಿಸಿಕೊಳ್ಳಲು ಒಂದು ದಾರ ಕಟ್ಟಿ, ಬಿಳಿ ಟೇಪು ಸುತ್ತಿ, ಬಿದ್ದರೂ ಕಾಣುತ್ತದೆ. ಸೆಲ್ ಹಾಕಿ, ಹತ್ತಿಸಿ ತೋರಿಸಿಯೇ ಕೊಡಿ. ಲಿಥಿಯಂ ಸೆಲ್ ಬಿಚ್ಚಿ ಹಾಕುವ ಜೋರಿನ ಟಾರ್ಚನ್ನು ಮಾತ್ರ ಕೊಡಬೇಡಿ, ಶಾರ್ಟ್ ಆದರೆ ಕೈ ಸುಡುತ್ತದೆ. ವಾಪಸು ಬಂದಾಗ ಬೆಳಕು ಮಂಕಾಗಿದ್ದರೆ ಸೆಲ್ ಎಸೆಯಬೇಡಿ. ಟಾರ್ಚಿಗೆ ಸಾಲದ ಸೆಲ್ ಗೋಡೆ ಗಡಿಯಾರವನ್ನು ಇನ್ನೂ ಕೆಲವು ತಿಂಗಳು ನಡೆಸುತ್ತದೆ. ಸೋರುವ ಮುನ್ನ ತೆಗೆಯಬೇಕು, ಅಷ್ಟೇ.