ಹಳೇ ಡೀಸೆಲ್ ಗಾಡಿ ಸ್ಟಾರ್ಟ್ ಆಗುತ್ತಿಲ್ಲವೇ? ಮೊದಲು ಗಾಳಿ ತೆಗೆಯಿರಿ

ಕಳೆದ ಮಳೆಗಾಲದಲ್ಲಿ ನಮ್ಮ ಪಕ್ಕದ ಮನೆಯವರ ಕ್ವಾಲಿಸ್ ಮೂರು ದಿನ ಅಂಗಳದಲ್ಲೇ ನಿಂತಿತ್ತು. ಹಿಂದಿನ ವಾರವಷ್ಟೇ ಡೀಸೆಲ್ ಫಿಲ್ಟರ್ ಬದಲಾಯಿಸಿಕೊಂಡು ಬಂದಿದ್ದರು. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸತ್ತಿತ್ತು. ನೋಡಲು ಬಂದ ಒಬ್ಬರು ‘ಪಂಪ್ ಬಿಚ್ಚಬೇಕು’ ಎಂದರು, ಇನ್ನೊಬ್ಬರು ‘ನಾಝಲ್ ಹೋಗಿದೆ’ ಎಂದರು. ಹೊಸ ಫಿಲ್ಟರ್ ಬಿಚ್ಚಿ ನೋಡಿದಾಗ ಹಳೇ ಫಿಲ್ಟರಿನ ರಬ್ಬರ್ ರಿಂಗ್ ಫಿಲ್ಟರ್ ಕೂರುವ ಮೇಲಿನ ತಲೆಗೆ ಅಂಟಿಕೊಂಡೇ ಇತ್ತು. ಅದರ ಮೇಲೆಯೇ ಹೊಸದನ್ನು ತಿರುಗಿಸಿ ಕೂರಿಸಿದ್ದರು. ಎರಡು ರಿಂಗಿನ ನಡುವಿನಿಂದ ಡೀಸೆಲ್ ಪೈಪಿಗೆ ಗಾಳಿ ಸೇರುತ್ತಿತ್ತು. ಹಳೇ ರಿಂಗ್ ಕಿತ್ತೆಸೆದು, ಗಾಳಿ ತೆಗೆದು, ಬೇರೆ ಬ್ಯಾಟರಿ ಕೊಟ್ಟ ಮೇಲೆ ಗಾಡಿ ಸ್ಟಾರ್ಟ್ ಆಯಿತು. ಇಷ್ಟಕ್ಕೆ ಪಂಪ್ ಬಿಚ್ಚಿಸಿದ್ದರೆ ಎಷ್ಟು ಸಾವಿರ ಹೋಗುತ್ತಿತ್ತು ಯೋಚಿಸಿ.

ಇಂಥದ್ದನ್ನು ನಾನು ತುಂಬಾ ಸಲ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವುದೆಲ್ಲ ಟೊಯೋಟಾ ಕ್ವಾಲಿಸ್‌ಗೆ. ನಮ್ಮ ಬಿಡದಿಯಲ್ಲೇ ತಯಾರಾದ ಗಾಡಿ ಇದು. 2000ದಲ್ಲಿ ಬಂತು, 2005ರಲ್ಲಿ ನಿಂತಿತು, ಅದರ ಜಾಗಕ್ಕೆ ಇನ್ನೋವಾ ಬಂತು. ಅಂದರೆ ಕೊನೆಯ ಕ್ವಾಲಿಸ್‌ಗೂ 20 ವರ್ಷ ದಾಟಿದೆ. ಆದರೂ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮದುವೆ, ಆಸ್ಪತ್ರೆ, ಧರ್ಮಸ್ಥಳ ಎಲ್ಲಕ್ಕೂ ಇವತ್ತಿಗೂ ಅದೇ ಗಾಡಿ. ಇದರ 2.4 ಲೀಟರ್ ಎಂಜಿನ್‌ನಲ್ಲಿ ಟರ್ಬೊ ಇಲ್ಲ, ಕಾಮನ್ ರೈಲ್ (ಎಲ್ಲ ನಾಝಲ್‌ಗೂ ಒಂದೇ ಪೈಪಿನಿಂದ ಭಾರೀ ಒತ್ತಡದ ಡೀಸೆಲ್ ಕೊಡುವ ವ್ಯವಸ್ಥೆ) ಇಲ್ಲ. ಮನೆಯಲ್ಲೇ ಕೈ ಹಾಕಬಹುದಾದ ಎಂಜಿನ್ ಇದು.

ಮೊದಲೇ ಒಂದು ಎಚ್ಚರಿಕೆ. ಇನ್ನೋವಾ, ಸ್ವಿಫ್ಟ್ ಡೀಸೆಲ್, ಸ್ಕಾರ್ಪಿಯೊ ಸಿಆರ್‌ಡಿಇ ಇಂಥ ಕಾಮನ್ ರೈಲ್ ಗಾಡಿಗಳಲ್ಲಿ ನಾಝಲ್ ಪೈಪಿನ ನಟ್ ಸಡಿಲಿಸುವ ಕೆಲಸ ಮಾಡಲೇಬೇಡಿ. ಅಲ್ಲಿ ಡೀಸೆಲ್ 1,000 ಬಾರ್‌ಗಿಂತ ಜಾಸ್ತಿ ಒತ್ತಡದಲ್ಲಿರುತ್ತದೆ. ಚರ್ಮ ತೂರಿಕೊಂಡು ಒಳಗೆ ಹೋಗುತ್ತದೆ. ಹಾಗಾದರೆ ಬೆರಳು ಉಳಿಸುವುದೇ ಕಷ್ಟ.

ಗಾಳಿ ಹಿಡಿಯುವುದು ಅಂದರೇನು?

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಇಪ್ಪತ್ತು ಪಾಲಿಗೂ ಮೀರಿ ಹಿಂಡಿ ಬಿಸಿ ಮಾಡುತ್ತದೆ. ಆ ಬಿಸಿಗೆ ಡೀಸೆಲ್ ಸಿಂಪಡಿಸಿದರೆ ಹೊತ್ತಿಕೊಳ್ಳುತ್ತದೆ. ಸಿಂಪಡಿಸುವುದು ನಾಝಲ್. ಪಂಪ್ ಜೋರಾಗಿ ಒತ್ತಿದರೆ ಮಾತ್ರ ಅದರ ಬಾಯಿ ತೆರೆಯುತ್ತದೆ. ಡೀಸೆಲ್ ಹಿಂಡಿದರೂ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಒಂದು ಗುಳ್ಳೆ ಇದ್ದರೆ ಸಾಕು, ಪಂಪಿನ ಶಕ್ತಿಯೆಲ್ಲ ಆ ಗುಳ್ಳೆ ಹಿಂಡುವುದಕ್ಕೇ ಹೋಗುತ್ತದೆ. ನಾಝಲ್ ಬಾಯಿ ಬಿಡುವುದಿಲ್ಲ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಸೈಲೆನ್ಸರಿನಲ್ಲಿ ಹೊಗೆಯೇ ಬರುವುದಿಲ್ಲ. ಸೆಲ್ಫ್ ತಿರುಗಿಯೂ ಹೊಗೆ ಇಲ್ಲದಿದ್ದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ ಎಂದರ್ಥ. ಬಿಳಿ ಹೊಗೆ ಬಂದೂ ಹೊತ್ತಿಕೊಳ್ಳದಿದ್ದರೆ ಅದು ಬೇರೆ ಕಥೆ. ಅದನ್ನು ಆಮೇಲೆ ಹೇಳುತ್ತೇನೆ.

ಹಂತ 1: ಪರೀಕ್ಷೆ

ಬಾನೆಟ್ ಎತ್ತಿ. ಇನ್ನೊಬ್ಬರು ಕೀ ಆನ್ ಮಾಡಲಿ, ಸೆಲ್ಫ್ ಹೊಡೆಯುವುದು ಬೇಡ. ಡೀಸೆಲ್ ಪಂಪಿನ ಹತ್ತಿರ ‘ಟಕ್’ ಎಂದು ಸಣ್ಣ ಶಬ್ದ ಕೇಳಬೇಕು. ಅದು ಡೀಸೆಲ್ ಬಿಡುವ, ತಡೆಯುವ ಸೊಲೆನಾಯ್ಡ್. ಶಬ್ದ ಬರದಿದ್ದರೆ ಫ್ಯೂಸ್, ವೈರ್ ನೋಡಿ. ಎಷ್ಟೋ ಗಾಡಿಗಳಲ್ಲಿ ಆ ಒಂದು ವೈರ್ ಸಡಿಲವಾಗಿ ಇಡೀ ಪಂಪ್ ಬಿಚ್ಚಿಸಿಕೊಂಡವರಿದ್ದಾರೆ.

ಗುಡ್ಡದ ಊರಿನವರಿಗೆ ಇನ್ನೊಂದು ಸುಲಭದ ಪರೀಕ್ಷೆ. ಒಂದು ರಾತ್ರಿ ಗಾಡಿಯ ಮೂತಿ ಏರಿನ ಕಡೆಗೆ ಇಟ್ಟು ನಿಲ್ಲಿಸಿ, ಮರುದಿನ ಇಳಿಜಾರಿನ ಕಡೆಗೆ. ಮೂತಿ ಮೇಲಿದ್ದಾಗ ಬೆಳಗ್ಗೆ ಕಷ್ಟಪಟ್ಟು, ಕೆಳಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆದರೆ ಎಲ್ಲೋ ಗಾಳಿ ಸೇರುತ್ತಿದೆ ಎಂದೇ ತಿಳಿಯಿರಿ. ರಾತ್ರಿಯೆಲ್ಲ ಡೀಸೆಲ್ ಹಿಂದಿನ ಟ್ಯಾಂಕಿಗೆ ಜಾರುತ್ತದೆ, ಆ ಜಾಗಕ್ಕೆ ಗಾಳಿ ಬರುತ್ತದೆ. ನಾಝಲ್ ಕೆಟ್ಟಿದ್ದರೆ ಗಾಡಿ ಹೇಗೆ ನಿಂತರೂ ಒಂದೇ.

ಹಂತ 2: ನೀರು ಇಳಿಸುವುದು

ಫಿಲ್ಟರಿನ ಬುಡದಲ್ಲಿ ಒಂದು ತಿರುಪು ಇದೆ. ಕೆಳಗೆ ಗಾಜಿನ ಬಾಟಲಿ ಹಿಡಿದು ಸಡಿಲಿಸಿ, ಮೇಲಿನ ಹ್ಯಾಂಡ್ ಪಂಪ್ ನಾಲ್ಕೈದು ಸಲ ಒತ್ತಿ. ಹತ್ತು ನಿಮಿಷ ಬಿಟ್ಟು ಬಾಟಲಿ ನೋಡಿದರೆ ನೀರು ತಳದಲ್ಲಿ, ಡೀಸೆಲ್ ಮೇಲೆ ನಿಂತಿರುತ್ತದೆ. ನೀರು ನಿಲ್ಲುವವರೆಗೆ ಇಳಿಸಿ, ತಿರುಪು ಬಿಗಿ ಮಾಡಿ. ಪ್ರತಿ 5,000 ಕಿ.ಮೀ.ಗೆ ಆಯಿಲ್ ಬದಲಾಯಿಸುವಾಗಲೇ ಇದನ್ನೂ ಮಾಡಿ. ಮಳೆಗಾಲ ಮುಗಿದ ಕೂಡಲೇ ಒಮ್ಮೆ ಮಾಡಲೇಬೇಕು.

ಟಿಲ್ಲರಿಗೆಂದು ಕ್ಯಾನಿನಲ್ಲಿ ತಂದಿಟ್ಟ ಡೀಸೆಲನ್ನು ಕಾರಿಗೆ ಸುರಿಯುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ದಯವಿಟ್ಟು ಬೇಡ. ಕೊಟ್ಟಿಗೆಯ ಮೂಲೆಯಲ್ಲಿ ಮುಚ್ಚಳ ಸಡಿಲವಾಗಿದ್ದ ಕ್ಯಾನಿನ ತಳದಲ್ಲಿ ನೀರಿಲ್ಲದೇ ಇರುವುದಿಲ್ಲ. ನಾಝಲಿಗೆ ಡೀಸೆಲ್ ಒತ್ತುವ ಪಂಪಿಗೆ ಡೀಸೆಲ್ಲೇ ಎಣ್ಣೆ, ಅದರ ಒಳಭಾಗಕ್ಕೆ ಬೇರೆ ಎಣ್ಣೆ ಸಿಗುವುದಿಲ್ಲ. ನೀರು ಹೋದರೆ ತುಕ್ಕು. ಸೀಮೆಎಣ್ಣೆ ಬೆರೆಸಿದರೆ ಸವೆತ.

ಹಂತ 3: ಫಿಲ್ಟರ್ ಬದಲಾವಣೆ

20,000 ಕಿ.ಮೀ.ಗೆ ಒಮ್ಮೆ, ಗಾಡಿ ಓಡದಿದ್ದರೆ ಒಂದೂವರೆ ವರ್ಷಕ್ಕೊಮ್ಮೆ. ಅರ್ಧ ಬೆಲೆಗೆ ಸಿಗುವ ಹೆಸರಿಲ್ಲದ ಫಿಲ್ಟರ್ ತರಬೇಡಿ. ಅಂಥ ಒಂದನ್ನು ನಾನು ಕುಯ್ದು ನೋಡಿದ್ದೇನೆ, ಒಳಗಿನ ಕಾಗದದ ಅಂಟು ಒಂದು ಕಡೆ ಬಿಟ್ಟುಕೊಂಡಿತ್ತು. ಕಸ ಸೋಸದೆ ನೇರ ಪಂಪಿಗೆ ಹೋಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಈ ಗಾಡಿಯ ಸಾಮಾನು ಈಗಲೂ ಸಿಗುತ್ತದೆ. ಆ ಕಡೆ ಹೋದವರ ಹತ್ತಿರ ಎರಡು ಫಿಲ್ಟರ್ ತರಿಸಿ ಇಟ್ಟುಕೊಳ್ಳಿ.

ಹಳೆಯದನ್ನು ಬಿಚ್ಚಿದ ಕೂಡಲೇ ಅದರ ರಬ್ಬರ್ ರಿಂಗ್ ಅದರ ಜತೆಗೇ ಬಂದಿದೆಯೇ ನೋಡಿ. ಬಂದಿಲ್ಲದಿದ್ದರೆ ಮೇಲಿನ ತಲೆಯಲ್ಲಿ ಬೆರಳಾಡಿಸಿ. ರಿಂಗ್ ಕಪ್ಪು, ತಲೆಯೂ ಮಸಿ ಹಿಡಿದು ಕಪ್ಪು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ಬುಡದಲ್ಲಿ ನೀರಿನ ಸೆನ್ಸರ್ ಇದ್ದರೆ ಅದನ್ನು ಹೊಸ ಫಿಲ್ಟರಿಗೆ ಹಾಕುವಾಗ ಓ-ರಿಂಗ್ ಹೊಸದೇ ಇರಲಿ. ಹೊಸ ಫಿಲ್ಟರಿನ ರಬ್ಬರಿಗೆ ಡೀಸೆಲ್ ಸವರಿ. ಕೈಯಲ್ಲೇ ತಿರುಗಿಸಿ, ರಬ್ಬರ್ ತಾಗಿದ ಮೇಲೆ ಇನ್ನು ಮುಕ್ಕಾಲು ಸುತ್ತು. ಸ್ಪ್ಯಾನರ್ ಹಾಕಿ ಬಿಗಿ ಮಾಡಬೇಡಿ, ರಬ್ಬರ್ ಹಿಸುಕಿ ಅದೇ ಸೋರುತ್ತದೆ.

ಹೊಸ ಫಿಲ್ಟರಿಗೆ ಮೊದಲೇ ಡೀಸೆಲ್ ತುಂಬಿಸಿ ಹಾಕುವವರಿದ್ದಾರೆ. ಬೇಗ ಸ್ಟಾರ್ಟ್ ಆಗುತ್ತದೆ, ನಿಜ. ಆದರೆ ನಡುವಿನ ತೂತಿನಲ್ಲಿ ಸುರಿದ ಡೀಸೆಲ್ ಸೋಸದೆ ಪಂಪಿಗೆ ಹೋಗುತ್ತದೆ. ಐದು ನಿಮಿಷ ಉಳಿಸುವುದಕ್ಕೆ ಪಂಪಿಗೆ ಕಸ ಕೊಡಬೇಡಿ. ಖಾಲಿ ಹಾಕಿ, ಕೈಯಲ್ಲಿ ಪಂಪ್ ಮಾಡಿ.

ಹಂತ 4: ಗಾಳಿ ತೆಗೆಯುವುದು

ಎಲ್ಲರೂ ಅವಸರ ಮಾಡಿ ಕೆಡಿಸುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಟ್ಯಾಂಕಿನಲ್ಲಿ ಕಡಿಮೆಯೆಂದರೂ 10 ಲೀಟರ್ ಡೀಸೆಲ್ ಇರಲಿ. ಗಾಡಿ ಸಮತಟ್ಟಾದ ಕಡೆ ನಿಂತಿರಲಿ, ಮೂತಿ ಸ್ವಲ್ಪ ಇಳಿಜಾರಿಗಿದ್ದರೆ ಇನ್ನೂ ಒಳ್ಳೆಯದು. ಕೀ ಆಫ್ ಇರಲಿ.

ಫಿಲ್ಟರಿನ ತಲೆಯ ಮೇಲಿನ ಹ್ಯಾಂಡ್ ಪಂಪಿನ ಗುಂಡಿಯನ್ನು ಅಂಗೈಯಿಂದ ಪೂರ್ತಿ ಒತ್ತಿ, ಪೂರ್ತಿ ಮೇಲೆ ಬರಲು ಬಿಡಿ. ಅರ್ಧರ್ಧ ಒತ್ತುವುದರಿಂದ ಏನೂ ಆಗದು. ಮೊದಮೊದಲು ಗುಂಡಿ ಮೆತ್ತಗೆ ಒಳಗೆ ಹೋಗುತ್ತದೆ, ಒಳಗೆ ‘ಗೊಳಗೊಳ’ ಸದ್ದು ಬರುತ್ತದೆ. ಅದು ಗಾಳಿ. 30–40 ಸಲ ಒತ್ತಿದ ಮೇಲೆ ಗಟ್ಟಿಯಾಗುತ್ತಾ ಬರುತ್ತದೆ. ಜನ ಅಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಎರಡು ನಿಮಿಷ ಬಿಟ್ಟು ಮತ್ತೆ ಒತ್ತಿ ನೋಡಿ. ಒಳಗಿನ ಸಣ್ಣ ಗುಳ್ಳೆಗಳು ಆ ಹೊತ್ತಿಗೆ ಮೇಲೆ ಬಂದು ಒಟ್ಟಾಗಿರುತ್ತವೆ. ಗುಂಡಿ ಮತ್ತೆ ಮೆತ್ತಗಾಗಿರುತ್ತದೆ. ಹೀಗೆ ಮೂರು ಸಲ ಮಾಡಿ. ಮೂರನೆಯ ಸಲ ಮೊದಲ ಒತ್ತಿಗೇ ಗಟ್ಟಿ ಸಿಗಬೇಕು.

ನೂರು ಸಲ ಒತ್ತಿದರೂ ಗಟ್ಟಿಯಾಗದಿದ್ದರೆ ಕೈ ನೋಯಿಸಿಕೊಳ್ಳಬೇಡಿ. ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಹ್ಯಾಂಡ್ ಪಂಪಿನ ಒಳಗಿನ ರಬ್ಬರ್ ಪರದೆ ಹರಿದಿದೆ. ಗುಂಡಿಯ ಸುತ್ತ ಡೀಸೆಲ್ ಜಿನುಗಿದ್ದರೆ ಪರದೆಯದೇ ತೊಂದರೆ. ಒಣಗಿದ್ದರೆ ಟ್ಯಾಂಕಿನಿಂದ ಬರುವ ರಬ್ಬರ್ ಪೈಪುಗಳನ್ನು ಬಗ್ಗಿಸಿ ನೋಡಿ. 20 ವರ್ಷದ ಪೈಪು ಬಗ್ಗಿಸಿದಲ್ಲಿ ಕೂದಲೆಳೆಯಷ್ಟು ಬಿರುಕು ತೋರಿಸುತ್ತದೆ. ಎಳೆಯುವ ಪೈಪಿನ ಬಿರುಕಿನಿಂದ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ‘ಎಲ್ಲೂ ಲೀಕ್ ಇಲ್ಲ’ ಎಂಬ ಮಾತನ್ನು ನಂಬಬೇಡಿ. ಪಂಪಿಗೆ ಹೋಗುವ ಪೈಪಿನ ಜಾಗದಲ್ಲಿ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪು ತಾತ್ಕಾಲಿಕವಾಗಿ ಹಾಕಿದರೆ ಗುಳ್ಳೆ ಓಡುವುದು ಕಣ್ಣಿಗೇ ಕಾಣುತ್ತದೆ. ಪೈಪು ಸೇರುವಲ್ಲಿ ತಾಮ್ರದ ವಾಷರ್ ಇದ್ದರೆ ಬಿಚ್ಚಿದಾಗಲೆಲ್ಲ ಹೊಸದು ಹಾಕಿ. ಹಳೇ ವಾಷರ್ ತಿರುವಿ ಹಾಕುವುದು, ಟೆಫ್ಲಾನ್ ಟೇಪ್ ಸುತ್ತುವುದು ಎರಡೂ ತಪ್ಪು. ಟೇಪಿನ ಎಳೆ ಬಿಚ್ಚಿ ಪಂಪಿನೊಳಗೆ ಹೋಗುತ್ತದೆ.

ಗುಂಡಿ ಗಟ್ಟಿಯಾಯಿತು ಅಂದುಕೊಳ್ಳಿ. ಈಗ ಕೀ ಆನ್ ಮಾಡಿ, ಹೀಟರ್ ದೀಪ (ಸ್ಟಾರ್ಟ್ ಮಾಡುವ ಮೊದಲು ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್‌ಗಳ ದೀಪ) ಆರುವವರೆಗೆ ಕಾದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಹತ್ತೇ ಸೆಕೆಂಡ್. ಆಮೇಲೆ ಒಂದು ನಿಮಿಷ ಬಿಡಿ. ಸೆಲ್ಫ್ ಮೋಟಾರ್ ಸುಡುವುದು, ಬ್ಯಾಟರಿ ಕೂರುವುದು ಬಿಡದೆ ಹೊಡೆಯುವವರ ಗಾಡಿಯಲ್ಲೇ. ಎಂಜಿನ್ ಹಿಡಿದ ಕೂಡಲೇ ಆಕ್ಸಿಲರೇಟರ್ ಬಿಟ್ಟುಬಿಡಿ. ಸಾಮಾನ್ಯವಾಗಿ ಮೂರು ಸಲದೊಳಗೆ ಕುಂಟುತ್ತಾ ಹಿಡಿಯುತ್ತದೆ. ಒಂದೆರಡು ನಿಮಿಷ ಕುಂಟಿ ಸರಿಯಾಗುತ್ತದೆ.

ಹಿಡಿಯಲಿಲ್ಲವೆಂದರೆ ನಾಝಲ್ ಪೈಪುಗಳಲ್ಲಿ ಗಾಳಿ ನಿಂತಿದೆ. ಕನ್ನಡಕ ಹಾಕಿಕೊಳ್ಳಿ. 17ರ ಸ್ಪ್ಯಾನರಿನಿಂದ ಎರಡು ನಾಝಲಿನ ಪೈಪ್ ನಟ್ ಒಂದು ಸುತ್ತು ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಮೇಲೆ ಬಟ್ಟೆ ಹೊದಿಸಿ, ಕೈ ದೂರವಿಡಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಮೊದಲು ನೊರೆ ಬರುತ್ತದೆ, ಆಮೇಲೆ ‘ಚಿಲ್ ಚಿಲ್’ ಎಂದು ಬರೀ ಡೀಸೆಲ್ ಚಿಮ್ಮುತ್ತದೆ. ನೊರೆ ಪೂರ್ತಿ ನಿಂತ ಮೇಲೆ ಸೆಲ್ಫ್ ನಿಲ್ಲಿಸಿ ನಟ್ ಬಿಗಿ ಮಾಡಿ. ಉಳಿದೆರಡಕ್ಕೂ ಹಾಗೇ. ಅಷ್ಟರಲ್ಲೇ ಎಂಜಿನ್ ಹಿಡಿದುಬಿಡುವುದೂ ಉಂಟು, ಗಾಬರಿಯಾಗಬೇಡಿ, ಕೀ ಆಫ್ ಮಾಡಿ, ನಟ್ ಬಿಗಿ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ. ಈ ಎಂಜಿನ್‌ನಲ್ಲೂ ಒತ್ತಡ ನೂರು ಬಾರ್ ದಾಟುತ್ತದೆ. ಬೆರಳಿಟ್ಟು ನೋಡುವ ಆಟ ಬೇಡ.

ಗಾಡಿ ತಳ್ಳಿಸುವುದರಿಂದ ಗಾಳಿ ಹೋಗುವುದಿಲ್ಲ. ಸ್ಟಾರ್ಟಿಂಗ್ ಸ್ಪ್ರೇ ಎಂಬ ಡಬ್ಬಿಯಂತೂ ಮುಟ್ಟಲೇಬೇಡಿ. ಹೀಟರ್ ಪ್ಲಗ್ ಕಾದಿರುವಾಗ ಅದು ಸಿಲಿಂಡರಿನಲ್ಲಿ ಹೊತ್ತಲ್ಲದ ಹೊತ್ತಿಗೆ ಸಿಡಿಯುತ್ತದೆ, ಪಿಸ್ಟನ್ನೇ ಒಡೆಯಬಹುದು. ಬಂಕಿನಲ್ಲಿ ಮಾರುವ ‘ಮೈಲೇಜ್’ ಬಾಟಲಿಗಳಿಗೂ ದುಡ್ಡು ಹಾಕಬೇಡಿ. ಆ ದುಡ್ಡಿಗೆ ಒಂದು ಒಳ್ಳೆಯ ಫಿಲ್ಟರ್ ಬರುತ್ತದೆ.

ಬಿಳಿ ಹೊಗೆ ಬಂದೂ ಹಿಡಿಯದಿದ್ದರೆ

ಚಳಿಯಲ್ಲಿ ಮಾತ್ರ ಈ ಕಾಟ ಇದ್ದರೆ ಹೀಟರ್ ಪ್ಲಗ್ ನೋಡಿ. ದೀಪ ಉರಿದು ಆರಿದರೆ ಪ್ಲಗ್ ಚೆನ್ನಾಗಿದೆ ಎಂದಲ್ಲ, ಅದು ಬರೀ ಸಮಯ ತೋರಿಸುತ್ತದೆ. ನಾಲ್ಕೂ ಪ್ಲಗ್‌ಗಳ ಮೇಲಿನ ಪಟ್ಟಿ ಬಿಚ್ಚಿ, ಒಂದೊಂದನ್ನೇ ಮಲ್ಟಿಮೀಟರಿನಲ್ಲಿ ನೋಡಿ. ಕರೆಂಟ್ ಹಾಯದ ಪ್ಲಗ್ ಸತ್ತಿದೆ. ಎರಡು ಸತ್ತಿದ್ದರೆ ನಾಲ್ಕನ್ನೂ ಬದಲಾಯಿಸಿ. ಡಿಸೆಂಬರಿನಲ್ಲಿ ಮಡಿಕೇರಿ, ಚಿಕ್ಕಮಗಳೂರಿನ ಕಡೆ ಇರುವವರಿಗೆ ಇದು ತೀರಾ ಮುಖ್ಯ.

ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಇದ್ದು, ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ‘ಹೆಡ್’ ಕೆಳಗಿನ ಸೀಲ್) ಕಡೆ ಅನುಮಾನಪಡಿ. ಬೋರ್‌ವೆಲ್ ನೀರು ಸುರಿಯುವವರಿಗೆ ಇದು ಬರುತ್ತದೆ. ಸುಣ್ಣ ಕಟ್ಟಿ ರೇಡಿಯೇಟರ್ ಮುಚ್ಚಿ, ಎಂಜಿನ್ ಕಾದು, ಹೆಡ್ ಬಾಗುತ್ತದೆ. ಕೂಲೆಂಟನ್ನೇ ಹಾಕಿ.

ಕಪ್ಪು ಹೊಗೆಗೆ ಮೊದಲು ಏರ್ ಫಿಲ್ಟರ್, ಆಮೇಲೆ ನಾಝಲ್ ಪರೀಕ್ಷೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. 15 ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕಲ್ವಾ, ಅದಕ್ಕೆ ಹೊಗೆ ತಪಾಸಣೆಯ ಚೀಟಿ ಬೇಕು. ಕ್ವಾಲಿಸ್ ಕಾಲದ ಡೀಸೆಲ್ ಗಾಡಿಗಳಿಗೆ ಮಿತಿ 65 ಎಚ್‌ಎಸ್‌ಯು (ಹೊಗೆ ಎಷ್ಟು ದಟ್ಟ ಎಂಬುದರ ಅಳತೆ). ನಾಝಲ್ ಚೆನ್ನಾಗಿದ್ದು ಏರ್ ಫಿಲ್ಟರ್ ಹೊಸದಿದ್ದರೆ ಕ್ವಾಲಿಸ್ ಇದರಲ್ಲಿ ಪಾಸಾಗುತ್ತದೆ.

ಪಿಸ್ಟನ್, ವಾಲ್ವ್‌ಗಳನ್ನು ತಾಳ ತಪ್ಪದಂತೆ ಓಡಿಸುವ ಟೈಮಿಂಗ್ ಬೆಲ್ಟ್ 1 ಲಕ್ಷ ಕಿ.ಮೀ.ಗೆ ಬದಲಾಯಿಸಿ. ಸೆಕೆಂಡ್ ಹ್ಯಾಂಡ್ ತಗೊಂಡು, ಹಿಂದಿನ ಲೆಕ್ಕ ಗೊತ್ತಿಲ್ಲದಿದ್ದರೆ ಇವತ್ತೇ ಹಾಕಿಸಿ. ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಈ ಕೆಲಸ ಮಾತ್ರ ಮನೆಯಲ್ಲಿ ಬೇಡ, ಗೊತ್ತಿರುವ ಮೆಕ್ಯಾನಿಕ್ ಹತ್ತಿರವೇ ಮಾಡಿಸಿ.

ಕೊನೆಯ ಹಂತ

ಗಾಳಿ ತೆಗೆದ ಮೇಲೆ ಎಂಜಿನ್ ಹತ್ತು ನಿಮಿಷ ಓಡಿಸಿ, ನಿಮ್ಮ ರಸ್ತೆಯಲ್ಲೇ ಒಂದೆರಡು ಕಿಲೋಮೀಟರ್ ಹೋಗಿ ಬನ್ನಿ. ದೂರದ ಪ್ರಯಾಣ ಅಂದೇ ಬೇಡ. ನಾಝಲ್ ನಟ್, ಫಿಲ್ಟರ್, ಬುಡದ ತಿರುಪು ಎಲ್ಲವನ್ನೂ ಒಣ ಬಟ್ಟೆಯಲ್ಲಿ ಒರೆಸಿ. ರಾತ್ರಿ ಫಿಲ್ಟರಿನ ಕೆಳಗೆ ನೆಲದ ಮೇಲೆ ಒಂದು ರಟ್ಟು ಹಾಸಿ, ಗಾಡಿಯ ಮೂತಿ ಏರಿನ ಕಡೆಗೆ ಇಟ್ಟು ನಿಲ್ಲಿಸಿ. ಬೆಳಗ್ಗೆ ಸೆಲ್ಫ್ ಹೊಡೆಯುವ ಮೊದಲು ಎರಡು ಕೆಲಸ: ರಟ್ಟು ನೋಡಿ, ಹ್ಯಾಂಡ್ ಪಂಪ್ ಒಂದು ಸಲ ಒತ್ತಿ. ರಟ್ಟು ಒಣಗಿದ್ದು ಗುಂಡಿ ಗಟ್ಟಿಯಿದ್ದರೆ ಟೂಲ್ಸ್ ಎತ್ತಿಡಬಹುದು. ಗುಂಡಿ ಮೆತ್ತಗಿದ್ದರೆ ರಬ್ಬರ್ ಪೈಪುಗಳನ್ನು ಮತ್ತೆ ಟ್ಯಾಂಕಿನ ಕಡೆಯಿಂದ ಒಂದೊಂದಾಗಿ ನೋಡುತ್ತಾ ಬನ್ನಿ.