ಕಷ್ಟದ ರೂಟನ್ನು ಮೇಲಿನ ತುದಿಯಿಂದ ಕಲಿಯಿರಿ

ಮಂಗಳೂರಿಂದ ಬಾದಾಮಿಗೆ ಬಂಡೆ ಹತ್ತಲು ಹೋಗುವ ನಮ್ಮಂಥವರ ಕೈಯಲ್ಲಿ ಇರುವುದು ಎರಡೋ ಮೂರೋ ದಿನ. ವಿಜಯಪುರ ರೈಲಿನಲ್ಲಿ ರಾತ್ರಿ ಕಳೆದು ಹೋಗಿ, ಒಂದು ಕಷ್ಟದ ರೂಟ್ (ಬಂಡೆಯ ಮೇಲೆ ಹತ್ತುವ ದಾರಿ) ಹಿಡಿದು, ಬುಡದಿಂದ ಮತ್ತೆ ಮತ್ತೆ ಹತ್ತಿ, ಪ್ರತಿ ಸಲ ಅದೇ ಅರ್ಧದಲ್ಲಿ ಬಿದ್ದು, ಕೈ ಸೋತು ವಾಪಸು ಬರುವುದು. ನಾನು ಒಂದಿಡೀ ಚಳಿಗಾಲ ಹೀಗೇ ಕಳೆದೆ. ಕೆಳಗಿನ ಅರ್ಧ ಬಾಯಿಪಾಠ ಆಗಿತ್ತು, ಮೇಲಿನ ಅರ್ಧವನ್ನು ಸರಿಯಾಗಿ ಮುಟ್ಟಿಯೂ ಇರಲಿಲ್ಲ. ಈಗ ನಾನು ರೂಟನ್ನು ಮೇಲಿಂದ ಕೆಳಗೆ ಕಲಿಯುತ್ತೇನೆ. ನೀವೂ ಹಾಗೇ ಮಾಡಿ ನೋಡಿ ಮಾರಾಯ್ರೆ.

ಇದು ಲೀಡ್ ಹತ್ತುವುದು (ಹಗ್ಗವನ್ನು ಕೆಳಗಿಂದ ಒಯ್ದು ದಾರಿಯಲ್ಲಿ ಸಿಕ್ಕಿಸುತ್ತಾ ಹತ್ತುವುದು), ಬಿಲೇ ಮಾಡುವುದು (ಕೆಳಗೆ ನಿಂತು ಹತ್ತುವವರ ಹಗ್ಗ ಹಿಡಿದು ಕಾಯುವುದು) ಮೊದಲೇ ಗೊತ್ತಿರುವವರಿಗೆ. ಗೊತ್ತಿಲ್ಲದಿದ್ದರೆ ತಿಳಿದವರ ಜೊತೆ ಹೋಗಿ ಕಲಿಯಿರಿ, ಓದಿ ಕಲಿಯುವ ವಿಷಯ ಅಲ್ಲ.

ರೂಟ್ ಆರಿಸುವಾಗ ಜಾಸ್ತಿ ಹಾರಬೇಡಿ. ರೂಟಿನ ಕಷ್ಟದ ಮಟ್ಟವನ್ನು ಅಂಕಿ, ಅಕ್ಷರದಲ್ಲಿ ಹೇಳುತ್ತಾರೆ, ಏರಿದಷ್ಟೂ ಕಷ್ಟ. 6ಬಿ ಒಂದೇ ಸಲಕ್ಕೆ ಹತ್ತುತ್ತೀರಿ ಅಂತಾದರೆ 6ಸಿ ಪ್ಲಸ್ ಅಥವಾ 7ಎ ಸಾಕು. ಬಾದಾಮಿಯಲ್ಲಿ 8ಬಿ ಪ್ಲಸ್‌ನ 'ಗಣೇಶ' ಕೂಡ ಉಂಟು, ಅದನ್ನು ಕೆಳಗೆ ನಿಂತು ನೋಡುವುದೇ ಒಂದು ಖುಷಿ. ಬುಡದಲ್ಲಿ ನಿಂತು ಬೋಲ್ಟ್ (ಬಂಡೆಗೆ ಹೊಡೆದ ಕಬ್ಬಿಣದ ಕೊಂಡಿ) ಎಣಿಸಿ, ಒಂದೊಂದಕ್ಕೆ ಒಂದು ಕ್ವಿಕ್‌ಡ್ರಾ (ಬೋಲ್ಟ್‌ಗೆ ಹಗ್ಗ ಸಿಕ್ಕಿಸುವ ಜೋಡಿ ಕೊಕ್ಕೆ) ತನ್ನಿ, ಆಂಕರ್‌ಗೆ, ಅಂದರೆ ರೂಟಿನ ತುದಿಯ ಕೊಂಡಿಗಳಿಗೆ, ಅಂತ ಇನ್ನೆರಡು ಸೇರಿಸಿ. ರೂಟ್ 25 ಮೀಟರ್ ಇದ್ದರೆ ಇಳಿಯಲಿಕ್ಕೇ 50 ಮೀಟರಿಗಿಂತ ಜಾಸ್ತಿ ಹಗ್ಗ ಬೇಕು, 60ರದ್ದು ತನ್ನಿ. ಹಗ್ಗದ ಇನ್ನೊಂದು ತುದಿಗೆ ಗಂಟು ಹಾಕದೆ ಯಾರೂ ನೆಲ ಬಿಡಬಾರದು. ಇಳಿಸುವಾಗ ಹಗ್ಗ ಮುಗಿದು, ತುದಿ ಬಿಲೇ ಸಾಧನದಿಂದ ಜಾರಿ ಹೋಗಿ ಆಗುವ ಅಪಘಾತವನ್ನು ಆ ಒಂದು ಗಂಟು ತಡೆಯುತ್ತದೆ.

ಮೊದಲ ಸಲ ಹೋಗುವಾಗ ಹತ್ತಿ ಮುಗಿಸುವ ಆಸೆಯೇ ಬೇಡ. ಒಂದು ಬೋಲ್ಟ್, ಹಗ್ಗದ ಮೇಲೆ ಕೂತುಕೊಳ್ಳಿ. ಸುತ್ತ ಕೈಯಾಡಿಸಿ, ಹೋಲ್ಡ್ (ಕೈ ಹಿಡಿಯುವ, ಕಾಲಿಡುವ ಜಾಗ) ಹುಡುಕಿ, ಬ್ರಶ್ ಮಾಡಿ, ಮುಂದಿನ ಬೋಲ್ಟ್. ಹೇಗಾದರೂ ಆಂಕರ್ ಮುಟ್ಟಿ, ಎರಡು ಕ್ವಿಕ್‌ಡ್ರಾ ಎದುರುಬದುರು ಹಾಕಿ ಹಗ್ಗ ಕೂರಿಸಿ. ನಿಜವಾದ ಕೆಲಸ ಇಲ್ಲಿಂದ ಶುರು. ಕೊನೆಯ ಬೋಲ್ಟ್‌ವರೆಗೆ ಇಳಿಸಲು ಹೇಳಿ, ಅಲ್ಲಿಂದ ಆಂಕರ್‌ವರೆಗೆ ಬೀಳದೆ ಹತ್ತಿ. ಆಯಿತಾ? ಈಗ ಇನ್ನೊಂದು ಬೋಲ್ಟ್ ಕೆಳಗಿಂದ. ಹೀಗೆ ತುಂಡು ಉದ್ದ ಆಗುತ್ತಾ ಹೋಗಬೇಕು. ಬುಡದಿಂದ ಹತ್ತಿ ಮೇಲಿನ ಭಾಗಕ್ಕೆ ತಲುಪುವಾಗ ಮುಂಗೈ ಮರದ ಕೊರಡಿನ ಹಾಗೆ ಬಿಗಿದಿರುತ್ತದೆ, ಯೋಚಿಸುವ ಶಕ್ತಿ ಇರುವುದಿಲ್ಲ, ಹಾಗಾಗಿ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿರಬೇಕಾದದ್ದು ಕೊನೆಯ ಐದು ಮೀಟರ್. ಕ್ರಕ್ಸ್ (ರೂಟಿನ ಅತಿ ಕಷ್ಟದ ಜಾಗ) ದಾಟಿ, ಸುಲಭದ ಮೇಲ್ಭಾಗದಲ್ಲಿ ಬಿದ್ದ ದಿನ ನನಗೆ ಅತ್ತೇಬಿಟ್ಟ ಹಾಗಾಗಿತ್ತು.

ಕೈಗಿಂತ ಕಾಲನ್ನು ನೆನಪಿಡಿ. ಯಾವ ಕಾಲು ಎಲ್ಲಿ, ಸೊಂಟ ಯಾವ ಕಡೆ ತಿರುಗಬೇಕು, ಎಲ್ಲಿ ಉಸಿರು ಬಿಡಬೇಕು. ಯಕ್ಷಗಾನ ಕಲಿಯುವ ಮಕ್ಕಳು ಬಾಯಲ್ಲಿ ತಾಳ ಹೇಳುತ್ತಾ ಹೆಜ್ಜೆ ಹಾಕುತ್ತಾರಲ್ವಾ, ಹಾಗೆ ನೆಲದ ಮೇಲೆ ನಿಂತು ಕಣ್ಣು ಮುಚ್ಚಿ ಇಡೀ ರೂಟ್ ಹೇಳಿಕೊಳ್ಳಿ. ಎಲ್ಲಿ ತಡವರಿಸುತ್ತೀರೋ ಆ ಜಾಗ ನಿಮಗೆ ಇನ್ನೂ ಬಂದಿಲ್ಲ. ಕ್ಲಿಪ್ ಮಾಡುವ, ಅಂದರೆ ಹಗ್ಗವನ್ನು ಕ್ವಿಕ್‌ಡ್ರಾಗೆ ಸಿಕ್ಕಿಸುವ ಜಾಗವೂ ಆ ಪಾಠದಲ್ಲಿ ಇರಬೇಕು. ಹಗ್ಗವನ್ನು ತಲೆಯ ಮೇಲೆ ದೂರಕ್ಕೆ ಎಳೆದು ಕ್ಲಿಪ್ ಮಾಡುವಾಗ ಜಾರಿದರೆ ಬೀಳುವ ದೂರ ಜಾಸ್ತಿ, ಇನ್ನೆರಡು ಹೆಜ್ಜೆ ಮೇಲೆ ಹೋಗಿ ಒಳ್ಳೆಯ ಹೋಲ್ಡ್‌ನಿಂದ ಎದೆಯ ಮಟ್ಟದಲ್ಲಿ ಹಾಕಬಹುದಾದರೆ ಅದೇ ಒಳ್ಳೆಯದು. ಹಗ್ಗ ಕಾಲಿನ ಹಿಂದೆ ಸಿಕ್ಕದಂತೆ ನೋಡಿಕೊಳ್ಳಿ. ಬಿದ್ದರೆ ತಲೆಕೆಳಗಾಗುತ್ತೀರಿ. ಹೆಲ್ಮೆಟ್ ಹಾಕಿ.

ಒಂದು ಪ್ರಯತ್ನಕ್ಕೂ ಇನ್ನೊಂದಕ್ಕೂ ನಡುವೆ ಅರ್ಧ ಗಂಟೆಯಾದರೂ ಸುಮ್ನೆ ಕೂರಿ. ದಿನಕ್ಕೆ ಮೂರು ಒಳ್ಳೆಯ ಪ್ರಯತ್ನ ಸಿಕ್ಕಿದರೆ ಸಾಕು. ನಮ್ಮ ಸೆಕೆಯಲ್ಲಿ ಇದ್ದವರ ಬೆರಳ ಚರ್ಮ ಮೆತ್ತಗೆ, ಬಾದಾಮಿಯ ಮರಳುಗಲ್ಲಿಗೆ ಬೇಗ ಸುಲಿಯುತ್ತದೆ. ಮೊದಲ ದಿನ ಸುಲಭದ ರೂಟ್ ಮಾಡಿ, ಕಷ್ಟದ್ದನ್ನು ಎರಡನೇ ದಿನ ಬೆಳಿಗ್ಗೆ ನೆರಳಿರುವಾಗ ಮುಟ್ಟಿ. ಮಳೆ ಬಂದಿದ್ದರೆ ಬಂಡೆ ಮುಟ್ಟಲೇಬೇಡಿ. ಮರಳುಗಲ್ಲು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಹೋಲ್ಡ್ ಮುರಿಯುತ್ತದೆ, ಮುರಿದದ್ದು ಯಾರಿಗೂ ಮತ್ತೆ ಸಿಗುವುದಿಲ್ಲ. ಹತ್ತಿರ ಹೆಜ್ಜೇನಿನ ಗೂಡು ಕಂಡರೆ ಆ ರೂಟ್ ಬಿಟ್ಟುಬಿಡಿ.

ಕೊನೆಗೆ ರೆಡ್‌ಪಾಯಿಂಟ್. ಬುಡದಿಂದ ಆಂಕರ್‌ವರೆಗೆ ಬೀಳದೆ, ಹಗ್ಗಕ್ಕೆ ಭಾರ ಕೊಡದೆ ಲೀಡ್ ಹತ್ತುವುದು. 1970ರ ದಶಕದಲ್ಲಿ ಜರ್ಮನಿಯ ಕುರ್ಟ್ ಆಲ್ಬರ್ಟ್ ಹೀಗೆ ಹತ್ತಿದ ರೂಟಿನ ಬುಡದಲ್ಲಿ ಕೆಂಪು ಚುಕ್ಕೆ ಹಚ್ಚುತ್ತಿದ್ದರು, ಹೆಸರು ಅಲ್ಲಿಂದ ಬಂತು. ಹೊರಡುವ ಮೊದಲು ಗಂಟು, ಹಾರ್ನೆಸ್ (ಸೊಂಟ, ತೊಡೆಗೆ ಕಟ್ಟುವ ಪಟ್ಟಿ) ಬಕಲ್, ಬಿಲೇ ಸಾಧನದ ಲಾಕ್ ಇಬ್ಬರೂ ಒಬ್ಬರದ್ದೊಬ್ಬರು ನೋಡಿ. ಮೇಲೆ ಹೋಗಿ ಬಿಲೇ ಮಾಡುವವರಿಂದ ಹಗ್ಗದಲ್ಲೇ ಇಳಿಸಿಕೊಳ್ಳುತ್ತೀರೋ, ರಾಪೆಲ್ ಮಾಡುತ್ತೀರೋ (ಹಗ್ಗ ಹಿಡಿದು ನೀವೇ ಇಳಿಯುವುದು) ನೆಲದಲ್ಲೇ ಮಾತಾಡಿಕೊಳ್ಳಿ. ಮೇಲಿಂದ ಕೂಗಿದ್ದು ಗಾಳಿಗೆ ಬೇರೆಯೇ ಕೇಳುತ್ತದೆ. ಬಿಲೇ ಮಾಡುವವರು ನೀವು ರಾಪೆಲ್ ಮಾಡುತ್ತೀರಿ ಅಂದುಕೊಂಡು ಹಗ್ಗ ಬಿಟ್ಟರೆ ಮುಗಿಯಿತು.

ಊರಿಗೆ ಬಂದ ಮೇಲೆ ಕ್ಯಾರಬೈನರ್‌ಗಳನ್ನು (ಬಾಗಿಲಿರುವ ಲೋಹದ ಕೊಕ್ಕೆಗಳನ್ನು) ಸಮುದ್ರದ ಗಾಳಿ ಬೀಸುವ ಬಾಲ್ಕನಿಯಲ್ಲಿ ನೇತುಹಾಕಬೇಡಿ. ಉಪ್ಪು ಹಿಡಿದು ಗೇಟ್ ಬಿಗಿಯಾಗುತ್ತದೆ. ಸಿಹಿನೀರಲ್ಲಿ ತೊಳೆದು, ಒಣಗಿಸಿ, ಒಳಗಿನ ಕಪಾಟಿನಲ್ಲಿಡಿ. ಹಗ್ಗವನ್ನೂ ಪೂರ್ತಿ ಒಣಗಿದ ಮೇಲೆಯೇ ಚೀಲಕ್ಕೆ ಹಾಕಿ. ಜೂನ್ ಬಂದರೆ ಇಲ್ಲಿ ಎಲ್ಲದಕ್ಕೂ ಬೂಸ್ಟು ಬರುತ್ತದಲ್ವಾ.